ಗಾಡಿ ಎಂದರೆ ಬಂಡಿಯಲ್ಲ

ಮಧ್ಯ ರೈಲ್ವೆಯ ದಾರಿಯಲ್ಲಿರುವ ಮುಂಬಯಿಯ ಉಪನಗರವೊಂದರಲ್ಲಿ ಕನ್ನಡಿಗರು ನಡೆಸುವ ಗಣೇಶೋತ್ಸವದ ಸ್ಮರಣ ಸಂಚಿಕೆಗೆ, ಇಂಗ್ಲಿಷಿನಲ್ಲಿ ಬರೆದ ಲೇಖನವೊಂದನ್ನು ಕನ್ನಡಕ್ಕೆ ತಂದುಕೊಡುವ ಕೆಲಸ ಕೆಲವು ವರ್ಷಗಳ ಹಿಂದೆ ನನ್ನ ಪಾಲಿಗೆ ಬಂದಿತ್ತು. ಮಂಡಳಿಯ ಮರದ ಮಂಟಪವನ್ನು ಲೇಖಕರು ‘ಆರ್ನೇಟ್’ ಎಂದು ವರ್ಣಿಸಿದ್ದರು. ಅದರ ಸುತ್ತ ಹಾಕಿದ್ದ ದೀಪಗಳನ್ನು ‘ಗೇರಿಶ್’ ಎಂದೂ ಪಕ್ಕದ ಬೀದಿಯಲ್ಲಿ ಗಣಪತಿಯನ್ನು ಕೂರಿಸುವ ಥರ್ಮಾಕೋಲಿನ ಮಖರವನ್ನು ‘ಟಾಡ್ರಿ’ ಎಂದೂ ಕರೆದಿದ್ದರು. ನನ್ನ ಮೇಜಿನ ಮೇಲಿದ್ದ ಹಳೆಯ ನಿಘಂಟಿನಲ್ಲಿ ಈ ಮೂರು ಪದಗಳ ಎದುರಿಗೂ ಒಂದಲ್ಲ ಒಂದು ರೂಪದಲ್ಲಿ ಆಡಂಬರವೇ ಕುಳಿತಿತ್ತು. ಆತುರದಲ್ಲಿದ್ದ ನಾನು ‘ಆಡಂಬರದ ಮಂಟಪ’ ಎಂದು ಬರೆದು ಕಳುಹಿಸಿದೆ. ಕರಡು ತಿದ್ದಲು ಕುಳಿತ ಮಂಡಳಿಯ ಹಿರಿಯರೊಬ್ಬರು ಅದೇ ರಾತ್ರಿ ಫೋನು ಮಾಡಿ, “ಮಾಸ್ಟ್ರೇ, ಊರಿನಿಂದ ಆಚಾರಿಗಳನ್ನು ಕರೆಸಿ ದೇವರಿಗೆಂದು ಮಾಡಿಸಿದ ಮಂಟಪ ಅದು. ನಿಮ್ಮ ಕಣ್ಣಿಗೆ ಅದು ಆಡಂಬರವಾಗಿ ಕಂಡಿತೇ?” ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

ತಪ್ಪು ನನ್ನದೇ. ಆರ್ನೇಟ್ ಎಂಬ ಪದ ಆಚಾರಿಯ ಉಳಿಯ ಕೆಲಸವನ್ನು ಕುರಿತದ್ದು. ಆಡಂಬರ ಎಂಬ ಪದ ಆ ಕೆಲಸವನ್ನು ಮಾಡಿಸಿದವರ ಮನಸ್ಸನ್ನು ಕುರಿತದ್ದು. ಎರಡಕ್ಕೂ ಅಲಂಕಾರದ ಸಂಬಂಧವಿದೆ ಎಂಬ ಕಾರಣಕ್ಕೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ವರ್ಣನೆಯು ಆರೋಪವಾಗಿಬಿಡುತ್ತದೆ. ಇಂಗ್ಲಿಷಿನಲ್ಲಿ ಅತಿಯಾದ, ಎದ್ದು ಕಾಣುವ, ತೋರಿಕೆಯ ಅಲಂಕಾರವನ್ನು ಸೂಚಿಸುವ ಪದಗಳು ಹತ್ತಿಪ್ಪತ್ತಾದರೂ ಇವೆ. ಇವುಗಳನ್ನು ಕಲಿಸುವವರು ಸಾಮಾನ್ಯವಾಗಿ ಒಂದು ಏಣಿಯನ್ನು ಕಲ್ಪಿಸಿಕೊಳ್ಳುತ್ತಾರೆ: ಕೆಳಗಿನ ಮೆಟ್ಟಿಲಿನಲ್ಲಿ ಕಡಿಮೆ ಅಲಂಕಾರ, ಮೇಲಿನದರಲ್ಲಿ ಹೆಚ್ಚು ಅಲಂಕಾರ, ತುದಿಯಲ್ಲಿ ಅಸಹ್ಯ. ಈ ಏಣಿಯಿಂದಲೇ ಗೊಂದಲ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ. ಪ್ರತಿಯೊಂದು ಪದವೂ ಅಲಂಕಾರಕ್ಕೆ ಬೇರೆ ಬೇರೆ ಪ್ರಶ್ನೆಯನ್ನು ಹಾಕುತ್ತದೆ. ಒಂದು ಪದ ಕೆಲಸ ಎಷ್ಟು ಎಂದು ಕೇಳಿದರೆ, ಇನ್ನೊಂದು ಬಣ್ಣ ಹೊಂದುತ್ತದೆಯೇ ಎಂದು ಕೇಳುತ್ತದೆ. ಮತ್ತೊಂದು ವಸ್ತು ಅಸಲಿಯೇ ಎಂದು ಪರೀಕ್ಷಿಸುತ್ತದೆ. ಮಗದೊಂದು ಇದನ್ನೆಲ್ಲ ಯಾರಿಗೆ ತೋರಿಸಲು ಮಾಡಿದ್ದು ಎಂದು ವಿಚಾರಿಸುತ್ತದೆ.

ಮೊದಲನೆಯ ಪ್ರಶ್ನೆ ಆರ್ನೇಟ್ ಪದದ್ದು. ಇದರ ಹಿಂದಿರುವ ಲ್ಯಾಟಿನ್ ಕ್ರಿಯಾಪದಕ್ಕೆ ಸಿಂಗರಿಸು ಎಂಬ ಅರ್ಥದ ಜೊತೆಗೆ ಸಜ್ಜುಗೊಳಿಸು, ಬೇಕಾದದ್ದನ್ನೆಲ್ಲ ಒದಗಿಸು ಎಂಬ ಅರ್ಥವೂ ಇತ್ತು. ರೋಮನರು ಹಡಗುಗಳ ಪಡೆಯನ್ನು ಯಾನಕ್ಕೆ ಅಣಿಗೊಳಿಸುವುದಕ್ಕೂ ಅದೇ ಪದವನ್ನು ಬಳಸುತ್ತಿದ್ದರು. ನಮ್ಮ ಅಲಂಕಾರ ಪದದ ಕಥೆ ಇದಕ್ಕೆ ಆಶ್ಚರ್ಯವೆನಿಸುವಷ್ಟು ಹತ್ತಿರವಾಗಿದೆ. ಸಂಸ್ಕೃತದಲ್ಲಿ ‘ಅಲಂ’ ಎಂದರೆ ಸಾಕು, ತಕ್ಕಷ್ಟು ಎಂದರ್ಥ. ಆದ್ದರಿಂದ ಅಲಂಕರಿಸುವುದೆಂದರೆ ಒಂದು ವಸ್ತುವನ್ನು ಅದರ ಕೆಲಸಕ್ಕೆ ತಕ್ಕಂತೆ ಪೂರ್ಣಗೊಳಿಸುವುದು. ಮದುವಣಗಿತ್ತಿಯ ತಲೆಗೆ ಹೂ ಮುಡಿಸುವುದು ಈ ಅರ್ಥದಲ್ಲಿ ಹೆಚ್ಚುವರಿಯಲ್ಲ. ಹೂವಿಲ್ಲದಿದ್ದರೆ ಅವಳು ಮದುವಣಗಿತ್ತಿಯಾಗಿ ಪೂರ್ಣಳಾಗುವುದಿಲ್ಲ. ಆರ್ನೇಟ್ ಪದದಲ್ಲಿ ಈ ಹಳೆಯ ಗೌರವ ಇನ್ನೂ ಉಳಿದಿದೆ. ಕೆಲಸ ಸೂಕ್ಷ್ಮವಾಗಿದೆ, ಸಮೃದ್ಧವಾಗಿದೆ, ಬರಿದಾದ ಜಾಗ ಕಡಿಮೆ ಇದೆ ಎಂದಷ್ಟೇ ಅದು ಹೇಳುತ್ತದೆ. ‘ತುಸು ಹೆಚ್ಚೇ ಆಯಿತು’ ಎಂಬ ಛಾಯೆ ಅದಕ್ಕೆ ಬರುವುದು ಸಂದರ್ಭದಿಂದ, ಅದರಲ್ಲೂ ಮುಖ್ಯವಾಗಿ ಬರವಣಿಗೆಯ ಶೈಲಿಯನ್ನು ಕುರಿತು ಹೇಳುವಾಗ. ಕನ್ನಡದಲ್ಲಿ ‘ಕುಸುರಿ’ ಎಂಬ ಪದ ಇದಕ್ಕೆ ಅತ್ಯಂತ ಸಮೀಪದ್ದು. ಸಂಕ್ರಾಂತಿಗೆ ಕುಸುರೆಳ್ಳು ಮಾಡುವವರಿಗೆ, ಸಕ್ಕರೆ ಪಾಕವನ್ನು ಹನಿಹನಿಯಾಗಿ ಬಿಟ್ಟು ಮುಳ್ಳು ಮೂಡಿಸುವ ತಾಳ್ಮೆ ಎಂಥದ್ದೆಂದು ಗೊತ್ತು. ಆರ್ನೇಟ್ ಪದ ಗುರುತಿಸುವುದು ಅದೇ ತಾಳ್ಮೆಯನ್ನು.

ಮುಂಬಯಿಯಲ್ಲಿ ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಮ್ಮಲ್ಲಿ ಅನೇಕರು ದಿನವೂ ಇಳಿದು ಹತ್ತುವ, ಹಳಬರ ಬಾಯಲ್ಲಿ ಇಂದಿಗೂ ವಿ.ಟಿ. (ವಿಕ್ಟೋರಿಯಾ ಟರ್ಮಿನಸ್) ಆಗಿಯೇ ಉಳಿದಿರುವ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಅದಕ್ಕೆ ಸಾಕು. ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಅವರ ವಿನ್ಯಾಸದಂತೆ 1878ರಲ್ಲಿ ಆರಂಭವಾದ ಈ ಕಟ್ಟಡ ಮುಗಿಯಲು ಸುಮಾರು ಹತ್ತು ವರ್ಷ ಹಿಡಿಯಿತು. ಅದರ ಅಲಂಕಾರದ ಕೆತ್ತನೆಯಲ್ಲಿ ಇಲ್ಲಿಯದೇ ಆದ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈವಾಡವಿದೆ. ದ್ವಾರದ ಕಂಬಗಳ ಮೇಲೆ ಬ್ರಿಟನ್ನಿನ ಸಿಂಹ ಒಂದು ಕಡೆ, ಭಾರತದ ಹುಲಿ ಇನ್ನೊಂದು ಕಡೆ ಕುಳಿತಿವೆ. ಗೋಡೆಗಳ ತುಂಬ ಪ್ರಾಣಿಗಳು, ಪಕ್ಷಿಗಳು, ಎಲೆಬಳ್ಳಿಗಳು. ಇದನ್ನು ಆರ್ನೇಟ್ ಎಂದರೆ ಯಾರೂ ತಕರಾರು ಮಾಡುವುದಿಲ್ಲ. ಆದರೆ 1920ರ ದಶಕದಲ್ಲಿ ಮುಂಬಯಿಗೆ ಬಂದಿದ್ದ ಇಂಗ್ಲಿಷ್ ಲೇಖಕ ಆಲ್ಡಸ್ ಹಕ್ಸ್ಲಿಗೆ ವಾಸ್ತುಶಿಲ್ಪದ ದೃಷ್ಟಿಯಿಂದ ಈ ಊರು ಭೀಕರವಾಗಿ ಕಂಡಿತ್ತು. ವಾಸ್ತುವಿನ ಇತಿಹಾಸದಲ್ಲೇ ಅತ್ಯಂತ ಕತ್ತಲಿನ ಕಾಲದಲ್ಲಿ ಬೆಳೆದದ್ದು ಮುಂಬಯಿಯ ದುರದೃಷ್ಟ ಎಂಬ ಅರ್ಥದಲ್ಲಿ ಅವರು ಬರೆದರು. ಅದೇ ನಿಲ್ದಾಣವನ್ನು 2004ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈ ನಡುವೆ ಕಲ್ಲು ಬದಲಾಗಲಿಲ್ಲ, ಅದಕ್ಕೆ ಅಂಟಿಸುವ ವಿಶೇಷಣ ಬದಲಾಯಿತು. ಅಷ್ಟೇಕೆ, ಈ ಕಟ್ಟಡದ ಶೈಲಿಗಿರುವ ಗೋಥಿಕ್ ಎಂಬ ಹೆಸರು ಕೂಡ ಹುಟ್ಟಿದ್ದು ಬೈಗುಳವಾಗಿಯೇ. ಪುನರುಜ್ಜೀವನ ಕಾಲದ ಇಟಲಿಯವರಿಗೆ ಮಧ್ಯಯುಗದ ಕಟ್ಟಡಗಳು ಗೋಥರೆಂಬ ಅನಾಗರಿಕರ ಕೆಲಸವಾಗಿ ಕಂಡಿದ್ದವು.

ಈಗ ಶೀರ್ಷಿಕೆಯ ಪದಕ್ಕೆ ಬರೋಣ. ‘ಗಾಡಿ’ (gaudy) ಎಂಬ ಇಂಗ್ಲಿಷ್ ವಿಶೇಷಣವನ್ನು ಕನ್ನಡ ಲಿಪಿಯಲ್ಲಿ ಬರೆದ ಕೂಡಲೇ ಅದು ವಾಹನವಾಗಿಬಿಡುತ್ತದೆ. ಹಳಗನ್ನಡ ಓದಿದವರಿಗೆ ಇನ್ನೊಂದು ಗಾಡಿಯ ನೆನಪೂ ಬಂದೀತು: ಅಲ್ಲಿ ಗಾಡಿ ಎಂದರೆ ಚೆಲುವು, ಗಾಡಿಕಾತಿ ಎಂದರೆ ಚೆಲುವೆ. ಇದು ಬರಿಯ ಕಾಕತಾಳೀಯ. ಎರಡೂ ಪದಗಳಿಗೆ ನಂಟಿಲ್ಲ. ಇಂಗ್ಲಿಷಿನ ಗಾಡಿ ಬಂದಿರುವುದು ಪುಟ್ಟ ಆಭರಣ, ಆಟಿಕೆಯಂಥ ಒಡವೆ ಎಂಬ ಅರ್ಥವಿದ್ದ ಹಳೆಯ ನಾಮಪದದಿಂದ. ಅದರ ಬೇರು ಬಹುಶಃ ‘ಸಂತೋಷಪಡು’ ಎಂಬ ಲ್ಯಾಟಿನ್ ಕ್ರಿಯಾಪದದಲ್ಲಿದೆ. ಜಪಮಾಲೆಯ ದೊಡ್ಡ ಅಲಂಕಾರದ ಮಣಿಗಳಿಗೂ ಒಂದು ಕಾಲದಲ್ಲಿ ಅದೇ ಹೆಸರಿತ್ತು. ಜಾತ್ರೆಯಲ್ಲಿ ಬಳೆಯ ಅಂಗಡಿಯ ಮುಂದೆ ನಿಂತ ಮಗುವಿನ ಸಂತೋಷವೇ ಈ ಪದದ ಒಳಗಿದೆ ಎಂದರೂ ತಪ್ಪಲ್ಲ. ಹಾಗಾದರೆ ಅದರಲ್ಲಿ ದೋಷವೇನು? ಬಣ್ಣಗಳು ಹೆಚ್ಚು, ಹೊಳಪು ಹೆಚ್ಚು, ಆದರೆ ಒಂದಕ್ಕೊಂದು ಮಾತಾಡಿಕೊಂಡಿಲ್ಲ. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದಲ್ಲಿ ಮುದುಕ ಪೊಲೋನಿಯಸ್ ಫ್ರಾನ್ಸಿಗೆ ಹೊರಟ ಮಗನಿಗೆ ಬುದ್ಧಿ ಹೇಳುವಾಗ, ನಿನ್ನ ಉಡುಪು ಹಣದ ಚೀಲ ತಾಳುವಷ್ಟು ಬೆಲೆಯದಾಗಿರಲಿ, ಫ್ಯಾನ್ಸಿ ಮಾತ್ರ ಬೇಡ, ಶ್ರೀಮಂತವಾಗಿರಲಿ, ಆದರೆ ಗಾಡಿಯಾಗಿರಕೂಡದು ಎನ್ನುತ್ತಾನೆ. ಬೆಲೆ ಬೇರೆ, ಗಾಡಿತನ ಬೇರೆ ಎಂಬುದನ್ನು ನಾನೂರು ವರ್ಷಗಳ ಹಿಂದೆಯೇ ಈ ಮಾತು ಸ್ಪಷ್ಟಪಡಿಸಿದೆ: ಲಕ್ಷ ರೂಪಾಯಿಯ ಸೀರೆಯೂ ಗಾಡಿಯಾಗಬಹುದು, ಹತ್ತು ರೂಪಾಯಿಯ ರಿಬ್ಬನ್ನೂ ಆಗಬಹುದು. ಕನ್ನಡದಲ್ಲಿ ‘ಢಾಳಾದ’ ಎಂಬ ಪದ ಇದರ ಹತ್ತಿರ ಸುಳಿಯುತ್ತದೆ. ಮುಂಬಯಿ ಕನ್ನಡಿಗರಿಗೆ ಇನ್ನೂ ಹತ್ತಿರವಾದ ಪದವೊಂದಿದೆ, ಅದು ಮರಾಠಿಯಿಂದ ನಮ್ಮ ಮಾತಿಗೆ ಬಂದು ಸೇರಿದ ‘ಭಡಕ್’. ‘ಅದು ಭಡಕ್ ಆಯ್ತು, ಬೇರೆ ಕಲರ್ ತೋರಿಸಿ’ ಎಂದು ಅಂಗಡಿಯಲ್ಲಿ ಹೇಳುವ ನಮ್ಮ ಹೆಂಗಸರು ಗಾಡಿ ಪದದ ಅರ್ಥವನ್ನು ಯಾವ ನಿಘಂಟಿಗಿಂತಲೂ ಚೆನ್ನಾಗಿ ಬಲ್ಲವರು.

ಗೇರಿಶ್ ಪದವು ಗಾಡಿಯ ನೆರೆಮನೆಯದಾದರೂ ಅದರ ದೂರು ಬೇರೆ. ಗಾಡಿ ಎಂದಾಗ ಕೊರತೆ ಹೊಂದಾಣಿಕೆಯಲ್ಲಿದೆ. ಗೇರಿಶ್ ಎಂದಾಗ ನೋಡುವವನ ಕಣ್ಣಿಗೇ ಪೆಟ್ಟು ಬಿದ್ದಿದೆ. ‘ದಿಟ್ಟಿಸಿ ನೋಡು’ ಎಂಬ ಅರ್ಥದ, ಈಗ ಸತ್ತುಹೋಗಿರುವ ಕ್ರಿಯಾಪದದಿಂದ ಅದು ಬಂದಿರಬಹುದೆಂದು ನಿಘಂಟುಕಾರರು ಊಹಿಸುತ್ತಾರೆ. ಆದ್ದರಿಂದಲೇ ಅದು ದೀಪಗಳಿಗೆ, ನಿಯಾನ್ ಫಲಕಗಳಿಗೆ, ರಾತ್ರಿಯ ಬೀದಿಗಳಿಗೆ ಸಲೀಸಾಗಿ ಒಗ್ಗುತ್ತದೆ. ಕನ್ನಡದಲ್ಲಿ ನಾವು ‘ಕಣ್ಣು ಕುಕ್ಕುವ’ ಎನ್ನುತ್ತೇವೆ. ಹಕ್ಕಿಯ ಕೊಕ್ಕಿನಂತೆ ಬಣ್ಣ ಕಣ್ಣಿಗೆ ಬಂದು ಕುಕ್ಕುವ ಈ ಚಿತ್ರ ಇಂಗ್ಲಿಷ್ ಪದಕ್ಕಿಂತ ಹೆಚ್ಚು ನಿಖರವಾಗಿದೆ. ಇದೇ ಗುಂಪಿನಲ್ಲಿ ‘ಲೌಡ್’ ಎಂಬ ಪದವೂ ಇದೆ: ಗಟ್ಟಿ ದನಿಯ ಅಂಗಿ, ಕಿರುಚುವ ಪರದೆ. ಕಣ್ಣಿನ ವಿಷಯವನ್ನು ಕಿವಿಯ ಭಾಷೆಯಲ್ಲಿ ಹೇಳುವುದು ಇಂಗ್ಲಿಷಿನ ಚಮತ್ಕಾರವೆಂದು ನಾನು ಬಹಳ ಕಾಲ ತಿಳಿದಿದ್ದೆ. ಆಮೇಲೆ ಸಂಸ್ಕೃತ ನಿಘಂಟನ್ನು ತೆರೆದಾಗ, ಆಡಂಬರ ಎಂಬುದು ಮೂಲದಲ್ಲಿ ಒಂದು ಬಗೆಯ ಡೋಲು, ಅದರ ಭಾರಿ ಸದ್ದು, ಆನೆಯ ಘೀಳು ಎಂದೆಲ್ಲ ಇರುವುದು ಕಣ್ಣಿಗೆ ಬಿತ್ತು. ನಾವು ಯಾರನ್ನಾದರೂ ಆಡಂಬರದವರೆಂದು ಹಳಿಯುವಾಗ ಅವರು ಡೋಲು ಬಾರಿಸುತ್ತಿದ್ದಾರೆಂದೇ ಹೇಳುತ್ತಿರುತ್ತೇವೆ, ನಮಗದು ಗೊತ್ತಿರುವುದಿಲ್ಲ.

ಟಾಡ್ರಿ ಪದದ ಹುಟ್ಟು ಸ್ವಲ್ಪ ಕರುಣಾಜನಕವಾಗಿದೆ. ಏಳನೆಯ ಶತಮಾನದ ಇಂಗ್ಲೆಂಡಿನಲ್ಲಿ ರಾಣಿಯಾಗಿದ್ದು ಆಮೇಲೆ ಸನ್ಯಾಸಿನಿಯಾದ, ಈಲಿ ಎಂಬಲ್ಲಿ ಮಠವನ್ನು ಸ್ಥಾಪಿಸಿದ ಸಂತೆಯೊಬ್ಬಳಿದ್ದಳು. ಜನರ ಬಾಯಲ್ಲಿ ಅವಳ ಹೆಸರು ಸೇಂಟ್ ಆಡ್ರಿ. ಅವಳು 679ರಲ್ಲಿ ಕುತ್ತಿಗೆಯ ಗಡ್ಡೆಯಿಂದ ತೀರಿಕೊಂಡಳು. ಎಳೆಯ ವಯಸ್ಸಿನಲ್ಲಿ ಕೊರಳ ತುಂಬ ಹಾರಗಳನ್ನು ಹಾಕಿಕೊಂಡು ಮೆರೆದದ್ದಕ್ಕೆ ಇದು ತಕ್ಕ ಶಿಕ್ಷೆಯೆಂದು ಅವಳೇ ಹೇಳಿಕೊಂಡಳೆಂದು ಚರಿತ್ರಕಾರ ಬೀಡ್ ದಾಖಲಿಸಿದ್ದಾನೆ. ಅವಳ ಹಬ್ಬದ ದಿನ ಈಲಿಯಲ್ಲಿ ನಡೆಯುತ್ತಿದ್ದ ಜಾತ್ರೆಯಲ್ಲಿ ಕೊರಳಿಗೆ ಕಟ್ಟಿಕೊಳ್ಳುವ ರೇಷ್ಮೆಯ ಪಟ್ಟಿಗಳು ಮಾರಾಟವಾಗುತ್ತಿದ್ದವು. ಸೇಂಟ್ ಆಡ್ರಿಯ ಲೇಸ್ ಎಂಬುದು ನಾಲಿಗೆಯಲ್ಲಿ ಸವೆದು ಟಾಡ್ರಿ ಲೇಸ್ ಆಯಿತು. ಜಾತ್ರೆಯ ಸರಕು ಕಾಲಕ್ರಮದಲ್ಲಿ ಅಗ್ಗವೂ ಕಳಪೆಯೂ ಆದಂತೆ, ಒಡವೆಯನ್ನು ತೊರೆದ ಸನ್ಯಾಸಿನಿಯ ಹೆಸರು ಅಗ್ಗದ ಒಡವೆಗೇ ಅಂಟಿಕೊಂಡಿತು. ಆದ್ದರಿಂದ ಟಾಡ್ರಿ ಪದದಲ್ಲಿ ಮೂರು ಸಂಗತಿಗಳು ಒಟ್ಟಿಗಿರಬೇಕು: ಹೊಳಪಿರಬೇಕು, ವಸ್ತು ಅಗ್ಗದ್ದಾಗಿರಬೇಕು, ಅದು ಅಗ್ಗವೆಂಬುದು ಈಗಾಗಲೇ ಬಯಲಾಗಿರಬೇಕು. ಥರ್ಮಾಕೋಲಿಗೆ ಚಿನ್ನದ ಬಣ್ಣ ಬಳಿದ ಮಖರ ಚೌತಿಯ ದಿನ ಬೆಳಿಗ್ಗೆ ಹೆಚ್ಚೆಂದರೆ ಗಾಡಿಯಾಗಿರುತ್ತದೆ. ಅನಂತ ಚತುರ್ದಶಿಯ ಹೊತ್ತಿಗೆ ಬಣ್ಣ ಉದುರಿ, ಬಿಳಿ ಕಾಳುಗಳು ಇಣುಕತೊಡಗಿದಾಗ ಟಾಡ್ರಿಯಾಗುತ್ತದೆ. ಮಹಾರಾಷ್ಟ್ರದಲ್ಲಿ 2018ರಲ್ಲಿ ಥರ್ಮಾಕೋಲಿನ ಅಲಂಕಾರವನ್ನು ನಿಷೇಧಿಸಿದ ಮೇಲೆ ಈ ಉದಾಹರಣೆ ಹಳತಾಗುತ್ತಿದೆ ಎಂಬುದು ಪರಿಸರಕ್ಕೆ ಒಳ್ಳೆಯದು, ಪದ ಕಲಿಸುವ ನನ್ನಂಥವರಿಗೆ ಸ್ವಲ್ಪ ಅನನುಕೂಲ.

ನಕಲಿ ಹೊಳಪೆಲ್ಲ ಟಾಡ್ರಿಯೇ ಎಂದು ಮಾತ್ರ ತಿಳಿಯಬಾರದು. ‘ಟಿನ್ಸೆಲ್’ ಎಂಬ ಪದ ಕಿಡಿ ಎಂಬರ್ಥದ ಹಳೆಯ ಫ್ರೆಂಚ್ ಪದದಿಂದ ಬಂದದ್ದು. ಮೊದಲಿಗೆ ಅದು ಚಿನ್ನ ಬೆಳ್ಳಿಯ ಎಳೆ ಸೇರಿಸಿ ನೇಯ್ದ ಬಟ್ಟೆಯ, ಅಂದರೆ ನಮ್ಮ ಜರತಾರಿಯಂಥ ಬಟ್ಟೆಯ ಹೆಸರಾಗಿತ್ತು. ಕ್ರಮೇಣ ಅದು ಅದರ ಅಗ್ಗದ ಅನುಕರಣೆಯನ್ನು, ಹೊಳೆಯುವ ತೆಳು ತಗಡಿನ ಪಟ್ಟಿಯನ್ನು ಸೂಚಿಸತೊಡಗಿತು. ಇದಕ್ಕೆ ಕನ್ನಡದಲ್ಲಿ ‘ಬೇಗಡೆ’ ಎಂಬ ಸೊಗಸಾದ ಪದವಿದೆ, ಮತ್ತು ಈ ಪದ ನಮಗೆ ಪರಿಚಿತವಾಗಿರುವುದು ಯಕ್ಷಗಾನದಿಂದ. ಮಳೆಗಾಲದಲ್ಲಿ ಊರಿನ ತಿರುಗಾಟ ನಿಂತ ಮೇಲೆ ಕರಾವಳಿಯ ಕಲಾವಿದರು ಮುಂಬಯಿಯ ಸಭಾಗೃಹಗಳಲ್ಲಿ ಆಟವಾಡಲು ಬರುತ್ತಾರೆ. ಆಟಕ್ಕೆ ಮೊದಲು, ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಅವರ ಭುಜಕೀರ್ತಿ, ಎದೆಪದಕ, ಕಿರೀಟಗಳನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಅದು ಹಗುರವಾದ ಮರದ ಮೇಲೆ ಬೇಗಡೆ ಅಂಟಿಸಿ ಕನ್ನಡಿ ಚೂರುಗಳನ್ನು ಕೂರಿಸಿದ ಕೆಲಸವೆಂದು ಗೊತ್ತಾಗುತ್ತದೆ. ವಸ್ತುವಿನ ಮಟ್ಟಿಗೆ ಅದು ಶುದ್ಧ ಟಿನ್ಸೆಲ್. ಆದರೆ ಚೆಂಡೆಯ ಪೆಟ್ಟಿಗೆ ಆ ವೇಷ ರಂಗಕ್ಕೆ ನುಗ್ಗಿದಾಗ ಅದನ್ನು ಟಾಡ್ರಿ ಎನ್ನುವ ಧೈರ್ಯ ಯಾರಿಗೂ ಬರಲಾರದು, ಏಕೆಂದರೆ ಅದು ಚಿನ್ನವೆಂದು ಯಾರನ್ನೂ ನಂಬಿಸಲು ಹೊರಟಿಲ್ಲ. ಅಸಲಿ ಚಿನ್ನ ಹೊತ್ತು, ಗಿರಕಿ ಹೊಡೆಯುವ ಆ ಧಿಗಿಣ ಹಾಕುವುದೂ ಸಾಧ್ಯವಿಲ್ಲ. ಅಗ್ಗದ ವಸ್ತು ದೊಡ್ಡದರ ಸೋಗು ಹಾಕಿ ಸಿಕ್ಕಿಬಿದ್ದಾಗ ಮಾತ್ರ ಟಾಡ್ರಿ ಎಂಬ ತೀರ್ಪು ಹೊರಬೀಳುತ್ತದೆ.

ಇದಕ್ಕೆ ತೀರ ಭಿನ್ನವಾದದ್ದು ‘ಆಸ್ಟೆಂಟೇಷಸ್’. ತೋರಿಸುವುದು, ಮತ್ತೆ ಮತ್ತೆ ತೋರಿಸುವುದು ಎಂಬ ಲ್ಯಾಟಿನ್ ಮೂಲದ ಈ ಪದ ವಸ್ತುವನ್ನು ನೋಡುವುದೇ ಇಲ್ಲ, ನೇರವಾಗಿ ಮನುಷ್ಯನನ್ನು ನೋಡುತ್ತದೆ. ವಸ್ತು ಅಸಲಿಯಾಗಿರಬಹುದು, ಸುಂದರವೂ ಆಗಿರಬಹುದು; ಆದರೆ ಅದನ್ನು ನಾಲ್ಕು ಜನ ಕಾಣಲೆಂದೇ ಹೊರಗೆ ತಂದದ್ದು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂಬ ಗಾದೆಯಲ್ಲಿ ಕೊಡೆಯ ಬಣ್ಣವಾಗಲಿ ಕುಸುರಿಯಾಗಲಿ ಲೆಕ್ಕಕ್ಕೆ ಬರುವುದಿಲ್ಲ, ಹಿಡಿದ ಹೊತ್ತು ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಅಲಂಕಾರವೇ ಇಲ್ಲದೆಯೂ ಒಬ್ಬರು ಆಸ್ಟೆಂಟೇಷಸ್ ಆಗಿರಬಹುದು. ಸಭೆಯಲ್ಲಿ ಕುರ್ಚಿಯನ್ನು ನಿರಾಕರಿಸಿ, ಎಲ್ಲರೂ ಗಮನಿಸುವವರೆಗೆ ಕಾದು, ಆಮೇಲೆ ನೆಲದ ಮೇಲೆ ಕುಳಿತುಕೊಳ್ಳುವ ಸರಳಜೀವಿಯನ್ನು ವರ್ಣಿಸಲು ಇಂಗ್ಲಿಷಿನಲ್ಲಿ ಇದಕ್ಕಿಂತ ತಕ್ಕ ಪದವಿಲ್ಲ. ಕನ್ನಡದ ಆಡಂಬರ, ಡೌಲು, ಡಂಭ ಇವು ಮೂರೂ ಈ ಮನೆಯವೇ; ನಾನು ಮಂಟಪದ ವಿಷಯದಲ್ಲಿ ಮಾಡಿದ್ದು ಈ ಮನೆಯವರನ್ನು ಇನ್ನೊಂದು ಮನೆಗೆ ನುಗ್ಗಿಸಿದ್ದು. ಕಿಂಗ್ಸ್ ಸರ್ಕಲ್ಲಿನ ಗೌಡ ಸಾರಸ್ವತ ಬ್ರಾಹ್ಮಣರ ಜಿಎಸ್‌ಬಿ ಮಂಡಳಿಯ ಗಣಪತಿಯ ಮೈಮೇಲಿನ ಚಿನ್ನ ಬೆಳ್ಳಿಯ ಆಭರಣಗಳ ಸುದ್ದಿ ಪ್ರತಿ ವರ್ಷ ಪತ್ರಿಕೆಗಳಲ್ಲಿ ಬರುತ್ತದೆ. ಅದಕ್ಕೆ ಯಾವ ಪದ? ಸಮೃದ್ಧಿಯನ್ನು ಹೇಳುವ ‘ಆಪ್ಯುಲೆಂಟ್’ ನಿಸ್ಸಂಶಯವಾಗಿ ಒಪ್ಪುತ್ತದೆ. ಅದು ಹರಕೆಯ ಒಡವೆ, ದೇವರ ಸೊತ್ತು ಎಂದು ಬಗೆಯುವ ಭಕ್ತರಿಗೆ ಆಸ್ಟೆಂಟೇಷಸ್ ಎಂಬ ಪದ ಅನ್ಯಾಯವೆನಿಸುತ್ತದೆ. ಮನುಷ್ಯರ ಮೈಮೇಲೆ ಅಷ್ಟೇ ಚಿನ್ನವಿದ್ದಿದ್ದರೆ ಆ ಭಕ್ತರೇ ಆ ಪದವನ್ನು ಮೊದಲು ಉಚ್ಚರಿಸುತ್ತಿದ್ದರು.

‘ಫ್ಲಾಂಬಾಯಂಟ್’ ಪದವನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳುವವರು ಬಹಳ. ಫ್ರೆಂಚಿನಲ್ಲಿ ಅದಕ್ಕೆ ಉರಿಯುವ, ಜ್ವಾಲೆಯಂಥ ಎಂದರ್ಥ. ಇಂಗ್ಲಿಷಿಗೆ ಅದು 19ನೆಯ ಶತಮಾನದಲ್ಲಿ ಬಂದದ್ದು ವಾಸ್ತುಶಿಲ್ಪದ ಪರಿಭಾಷೆಯಾಗಿ, ಕಿಟಕಿಯ ಕಲ್ಲಿನ ಜಾಲರಿಯನ್ನು ಬೆಂಕಿಯ ನಾಲಿಗೆಗಳಂತೆ ಬಳುಕಿಸಿದ ಫ್ರೆಂಚ್ ಗೋಥಿಕ್ ಶೈಲಿಯ ಹೆಸರಾಗಿ. ಆಮೇಲೆ ಮನುಷ್ಯರಿಗೂ ಅನ್ವಯವಾಯಿತು. ಮಡಗಾಸ್ಕರ್ ಮೂಲದ ಗುಲ್‌ಮೊಹರ್ ಮರಕ್ಕೆ ಇಂಗ್ಲಿಷಿನಲ್ಲಿರುವ ಹೆಸರುಗಳಲ್ಲಿ ಇದೂ ಒಂದು. ಮೇ ತಿಂಗಳ ಬಿಸಿಲಿನಲ್ಲಿ ಮಾಟುಂಗದ ಬೀದಿಗಳಲ್ಲಿ ಆ ಮರ ಹೂಬಿಟ್ಟು ನಿಂತದ್ದನ್ನು ಕಂಡವರಿಗೆ ಪದದ ಅರ್ಥ ಬೇರೆ ಹೇಳಬೇಕಾಗಿಲ್ಲ: ಅದು ಎದ್ದು ಕಾಣುತ್ತದೆ, ಆದರೆ ಯಾರ ಮೆಚ್ಚುಗೆಗೂ ಕಾದಿಲ್ಲ. ಆಸ್ಟೆಂಟೇಷಸ್ ಆದವನಿಗೆ ಪ್ರೇಕ್ಷಕರು ಬೇಕೇ ಬೇಕು. ಫ್ಲಾಂಬಾಯಂಟ್ ಆದವನಿಗೆ ಪ್ರೇಕ್ಷಕರಿದ್ದರೆ ಸಂತೋಷ, ಇಲ್ಲದಿದ್ದರೂ ಅವನು ಅದೇ ಅಂಗಿ ಹಾಕುತ್ತಾನೆ. ಹೀಗಾಗಿ ಈ ಪದದಲ್ಲಿ ಮೆಚ್ಚುಗೆ ಹೆಚ್ಚು, ಚುಚ್ಚು ಕಡಿಮೆ. ‘ಫ್ಲ್ಯಾಶಿ’ ಎಂಬುದು ಇದರ ಬಡ ತಮ್ಮ. ನಮ್ಮ ‘ಶೋಕಿ’ ಅದಕ್ಕೆ ಸಾಕು. ‘ಶೋಯಿ’ ಎಂಬುದು ಮನುಷ್ಯರ ವಿಷಯದಲ್ಲಿ ಬೈಗುಳವಾದರೂ ತೋಟಗಾರಿಕೆಯ ಪುಸ್ತಕಗಳಲ್ಲಿ ಹೂವಿಗೆ ಕೊಡುವ ನಿರ್ಮಲವಾದ ಹೊಗಳಿಕೆ.

ಗೋವಾಕ್ಕೆ ಹೋದವರು ಹಳೆಯ ಗೋವಾದ ಚರ್ಚುಗಳಲ್ಲಿ ಕೇಳುವ ‘ಬರೋಕ್’ ಎಂಬ ಪದದ ಹಿಂದೆ ಒಂದು ಮುತ್ತಿದೆ. ನಾವು ದೋಷವಿಲ್ಲದ ದುಂಡು ಮುತ್ತನ್ನು ಆಣಿಮುತ್ತು ಎನ್ನುತ್ತೇವೆ. ಪೋರ್ಚುಗೀಸರು ಅದಕ್ಕೆ ವಿರುದ್ಧವಾದ, ಸೊಟ್ಟಗಿರುವ ಉಬ್ಬುತಗ್ಗಿನ ಮುತ್ತನ್ನು ಬರೋಕೊ ಎನ್ನುತ್ತಿದ್ದರು. ಪದದ ಮೂಲದ ಬಗ್ಗೆ ಬೇರೆ ವಾದಗಳೂ ಇವೆಯಾದರೂ ಹೆಚ್ಚು ಜನ ಒಪ್ಪಿರುವುದು ಇದನ್ನೇ. ಸರಳ ರೇಖೆಯ ಶಿಸ್ತನ್ನು ಮುರಿದು, ಕಂಬಗಳನ್ನು ತಿರುಚಿ, ಚಿನ್ನದ ಮೇಲೆ ಬೆಳಕು ಬೀಳಿಸಿ ಭಕ್ತರನ್ನು ಬೆರಗುಗೊಳಿಸುವ ಯುರೋಪಿನ 17ನೆಯ ಶತಮಾನದ ಶೈಲಿಯನ್ನು ಮುಂದಿನ ಪೀಳಿಗೆಯವರು ಈ ಸೊಟ್ಟ ಮುತ್ತಿನ ಹೆಸರಿನಿಂದ ಹಂಗಿಸಿದರು. 1605ರಲ್ಲಿ ಪ್ರತಿಷ್ಠಾಪನೆಗೊಂಡ ಬಾಂ ಜೀಸಸ್ ಬೆಸಿಲಿಕಾ ಹೊರಗಿನಿಂದ ನಮ್ಮ ಕರಾವಳಿಯ ಮನೆಗಳಂತೆಯೇ ಕೆಂಪು ಮುರಕಲ್ಲಿನದು. ಒಳಗೆ ಕಾಲಿಟ್ಟರೆ ಚಿನ್ನದ ಲೇಪದ ಬಲಿಪೀಠ ಗೋಡೆಯುದ್ದಕ್ಕೂ ಎದ್ದು ನಿಂತಿದೆ. ಈ ನಾಟಕೀಯತೆಯೇ ಬರೋಕಿನ ಜೀವ. ಮುಂಬಯಿಯಲ್ಲಿ ಅದರ ಲೌಕಿಕ ರೂಪವನ್ನು ನೋಡಬೇಕೆಂದರೆ ಚರ್ನಿ ರೋಡಿನ ಬಳಿಯ, ದೀರ್ಘ ಕಾಲ ಮುಚ್ಚಿದ್ದು 2016ರಲ್ಲಿ ಮತ್ತೆ ತೆರೆದ ರಾಯಲ್ ಆಪೆರಾ ಹೌಸಿಗೆ ಹೋಗಬಹುದು. ಇಂದಿನ ಬಳಕೆಯಲ್ಲಿ ಬರೋಕ್ ಪದವು ಅಲಂಕಾರವನ್ನು ದಾಟಿ, ಬೇಕಾದ್ದಕ್ಕಿಂತ ಹೆಚ್ಚು ಸುತ್ತುಬಳಸಿನದ್ದಕ್ಕೆಲ್ಲ ಅನ್ವಯಿಸುತ್ತದೆ. ಹೌಸಿಂಗ್ ಸೊಸೈಟಿಯಲ್ಲಿ ಒಂದು ಫ್ಲ್ಯಾಟಿನ ಹೆಸರು ಬದಲಾಯಿಸಲು ಓಡಾಡಿದವರು ಬರೋಕ್ ನಿಯಮಾವಳಿ ಎಂದರೇನೆಂದು ಬಲ್ಲರು. ಅದರ ನಂತರ ಬಂದ ‘ರೊಕೊಕೊ’ ಚಿಪ್ಪು, ಹರಳುಕಲ್ಲುಗಳ ಅಲಂಕಾರದ ಫ್ರೆಂಚ್ ಹೆಸರನ್ನು ತಮಾಷೆಗೆ ತಿರುಚಿ ಮಾಡಿದ್ದು. ತೆಳು ಬಣ್ಣ, ಸುರುಳಿ, ಲಘುತ್ವ ಇವು ಅದರ ಗುರುತು.

ಮಾತಿನ ಅಲಂಕಾರಕ್ಕೆ ಮೀಸಲಾದದ್ದು ‘ಫ್ಲಾರಿಡ್’. ಹೂವಿನಿಂದ ಹುಟ್ಟಿದ ಈ ಪದ ಕೆಂಪೇರಿದ ಮುಖಕ್ಕೂ ಹೂಬಿಟ್ಟ ಭಾಷೆಗೂ ಸಮಾನವಾಗಿ ಸಲ್ಲುತ್ತದೆ. ನಮ್ಮ ಸಭೆಗಳಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿಗಳ ನಡುವೆ ಓದುವ ಸನ್ಮಾನ ಪತ್ರಗಳು ಇದಕ್ಕೆ ಆದರ್ಶ ಉದಾಹರಣೆ. ಅಂಥ ಹಲವನ್ನು ನಾನೇ ಬರೆದುಕೊಟ್ಟಿರುವುದರಿಂದ ಹೆಚ್ಚು ಹೇಳಲಾರೆ.

ಕನ್ನಡಿಗರು, ಅಷ್ಟೇ ಏಕೆ, ಇಂಗ್ಲಿಷನ್ನು ಶಾಲೆಯಲ್ಲಿ ಕಲಿತವರೆಲ್ಲ ಎಡವುವ ಜಾಗ ‘ಮೆರಿಟ್ರಿಷಸ್’. ಮೆರಿಟ್ ಎಂಬುದು ಎದುರಿಗೇ ಕಾಣುವುದರಿಂದ ಇದು ಯೋಗ್ಯತೆಯ ಪದವೆಂದು ಭಾವಿಸಿ ವಿದ್ಯಾರ್ಥಿಯ ಪ್ರಶಂಸಾಪತ್ರದಲ್ಲಿ ಬಳಸಿದವರುಂಟು. ಎರಡೂ ಪದಗಳು ‘ಗಳಿಸು’ ಎಂಬ ಒಂದೇ ಲ್ಯಾಟಿನ್ ಬೇರಿನವು ಎಂಬುದು ನಿಜ. ಆದ್ದರಿಂದಲೇ ಅಪಾಯ. ಮೆರಿಟ್ ಎಂದರೆ ಯೋಗ್ಯತೆಯಿಂದ ಗಳಿಸಿದ್ದು. ಮೆರಿಟ್ರಿಷಸ್ ಎಂಬುದು ಮೈಮಾರಿ ಗಳಿಸುವವಳು ಎಂಬ ಪದದಿಂದ ಬಂದ ವಿಶೇಷಣ. ಹೊರಗಿನ ಆಕರ್ಷಣೆ ಒಳಗಿನ ಟೊಳ್ಳನ್ನು ಮುಚ್ಚಿ ಗಿರಾಕಿಯನ್ನು ಸೆಳೆಯುವಾಗ ಈ ಪದ ಬರುತ್ತದೆ: ಮೆರಿಟ್ರಿಷಸ್ ವಾದ, ಮೆರಿಟ್ರಿಷಸ್ ಕಾದಂಬರಿ. ‘ಹೊರಗೆ ತಳುಕು, ಒಳಗೆ ಹುಳುಕು’ ಎಂದು ನಾವು ನಾಲ್ಕು ಪದಗಳಲ್ಲಿ ಹೇಳುವುದನ್ನು ಅದು ಒಂದರಲ್ಲಿ ಹೇಳುತ್ತದೆ. ಟಾಡ್ರಿಯ ಮೋಸ ಬಯಲಾಗಿರುತ್ತದೆ. ಮೆರಿಟ್ರಿಷಸ್ ಆದದ್ದರ ಮೋಸ ಇನ್ನೂ ನಡೆಯುತ್ತಿರುತ್ತದೆ.

ಉಳಿದಿರುವ ದೊಡ್ಡ ಪದ ‘ಕಿಚ್’. 19ನೆಯ ಶತಮಾನದ ಉತ್ತರಾರ್ಧದಲ್ಲಿ ಮ್ಯೂನಿಕ್ಕಿನ ಚಿತ್ರ ವ್ಯಾಪಾರಿಗಳ ವಲಯದಲ್ಲಿ ಅಗ್ಗದ, ಬೇಗ ಮಾರಾಟವಾಗುವ ಚಿತ್ರಗಳಿಗೆ ಬಳಕೆಯಾಗುತ್ತಿದ್ದ ಈ ಜರ್ಮನ್ ಪದ ಕಣ್ಣಿಗಿಂತ ಭಾವನೆಯನ್ನು ಕುರಿತದ್ದು. ಸಿದ್ಧಪಡಿಸಿದ ಭಾವನೆಯನ್ನು ಪೊಟ್ಟಣ ಕಟ್ಟಿ ಕೊಡುವುದು ಕಿಚ್. ಗುಂಡಿ ಒತ್ತಿದರೆ ಬಣ್ಣ ಬದಲಾಯಿಸುವ ಪ್ಲಾಸ್ಟಿಕ್ ಗೇಟ್‌ವೇ ಆಫ್ ಇಂಡಿಯಾ ಅಂಥದ್ದು. ಆದರೆ ಈ ಪದಕ್ಕೆ ಒಂದು ವಿಚಿತ್ರ ಗುಣವಿದೆ, ವಸ್ತು ಕಣ್ಮರೆಯಾಗತೊಡಗಿದಾಗ ಅದು ಹೊಗಳಿಕೆಯಾಗುತ್ತದೆ. ಮುಂಬಯಿಯ ಕಪ್ಪುಹಳದಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳ ಒಳಮಾಡಿಗೆ ಹೂಬಳ್ಳಿಯ, ನವಿಲಿನ, ಹಣ್ಣಿನ ಚಿತ್ರಗಳ ರೆಕ್ಸಿನ್ ಹೊದಿಸುತ್ತಿದ್ದರು. ನಾವು ಅದರ ಕೆಳಗೆ ಬೆವರುತ್ತ ಕುಳಿತಿದ್ದಷ್ಟು ಕಾಲ ಅದು ಗಾಡಿಯಾಗಿತ್ತು, ಎರಡೂ ಅರ್ಥದಲ್ಲಿ. 2023ರ ಅಕ್ಟೋಬರಿನಲ್ಲಿ ಆ ಟ್ಯಾಕ್ಸಿಗಳ ಕಾಲ ಮುಗಿಯಿತು. ಈಗ ಅದೇ ವಿನ್ಯಾಸಗಳು ಕಲಾಪ್ರಿಯರಿಗೆ ಪ್ರಿಯವಾದ ಕಿಚ್.

ಇಷ್ಟೆಲ್ಲ ಹೇಳಿದ ಮೇಲೆ, ಈ ಪದಗಳನ್ನು ಯಾರು ಯಾರನ್ನು ಕುರಿತು ಆಡುತ್ತಾರೆ ಎಂಬುದನ್ನು ಬಿಟ್ಟರೆ ವಿವರಣೆ ಅರ್ಧವಾಗುತ್ತದೆ. ಗಾಡಿ, ಗೇರಿಶ್, ಟಾಡ್ರಿ, ‘ಟ್ಯಾಕಿ’ ಇವೆಲ್ಲ ಬಹುಮಟ್ಟಿಗೆ ಮೇಲಿನಿಂದ ಕೆಳಕ್ಕೆ ಬೀಳುವ ಪದಗಳು. ತನ್ನ ಅಭಿರುಚಿಯ ಬಗ್ಗೆ ಸಂದೇಹವಿಲ್ಲದವನು ಇನ್ನೊಬ್ಬನ ಅಭಿರುಚಿಗೆ ಕೊಡುವ ಅಂಕಗಳು. ಟ್ಯಾಕಿ ಎಂಬ ಪದವಂತೂ ಅಮೆರಿಕದ ದಕ್ಷಿಣ ಭಾಗದಲ್ಲಿ ಬಡಕಲು ಕುದುರೆಯ ಹೆಸರಾಗಿದ್ದು, ಅಲ್ಲಿಂದ ಬಡ ಬಿಳಿಯರ ಹೆಸರಾಗಿ, ಆಮೇಲೆ ಕೀಳು ಅಭಿರುಚಿಯ ಹೆಸರಾಯಿತು. ಅದರಲ್ಲಿ ಬಡತನವೇ ದೋಷ. ನಮ್ಮ ಮದುವೆಯ ಜವಳಿ ಅಂಗಡಿಗಳಲ್ಲಿ ನಡೆಯುವ ಇಂಗ್ಲಿಷ್ ಬೇರೆಯೇ ಆಗಿದೆ. ಅಲ್ಲಿ ‘ಗ್ರ್ಯಾಂಡ್’ ಸೀರೆ ಎಂದರೆ ಅಗಲವಾದ ಜರಿಯ ಅಂಚು, ಮೈ ತುಂಬ ಬುಟ್ಟಾ. ‘ಸೋಬರ್’ ಎಂದರೆ ಅತ್ತೆಗೆ ಒಪ್ಪುವಂಥದ್ದು. ‘ಫ್ಯಾನ್ಸಿ’ ಎಂದರೆ ಕಾಲೇಜಿನ ಹುಡುಗಿಗೆ. ಪೊಲೋನಿಯಸ್ ಬೇಡವೆಂದ ಆ ಫ್ಯಾನ್ಸಿಯೇ ನಮ್ಮಲ್ಲಿ ಬಳೆ, ಟೇಪು, ಕ್ಲಿಪ್ಪು ಮಾರುವ ಫ್ಯಾನ್ಸಿ ಸ್ಟೋರಾಗಿ ಊರೂರಿನಲ್ಲಿ ಬಾಗಿಲು ತೆರೆದು ಕುಳಿತಿದೆ. ಭುಲೇಶ್ವರದ ಗಲ್ಲಿಗಳಲ್ಲಿ ಇಮಿಟೇಷನ್ ಒಡವೆ ಮಾರುವವನು ತನ್ನ ಸರಕು ನಕಲಿಯೆಂದು ಫಲಕದಲ್ಲೇ ಬರೆದಿರುತ್ತಾನೆ, ಕೊಳ್ಳುವವಳೂ ಅದನ್ನು ತಿಳಿದೇ ಕೊಳ್ಳುತ್ತಾಳೆ. ಅಲ್ಲಿ ಟಾಡ್ರಿ ಎಂಬ ಪದಕ್ಕೆ ನೆಲೆಯೇ ಇಲ್ಲ. ಅನುವಾದ ಮಾಡುವಾಗ ಆದ್ದರಿಂದ ನಾನೀಗ ಪದದ ಅರ್ಥಕ್ಕಿಂತ ಮೊದಲು ಅದನ್ನು ಹೇಳುತ್ತಿರುವವನು ಎಲ್ಲಿ ನಿಂತಿದ್ದಾನೆಂದು ನೋಡುತ್ತೇನೆ.

ಆ ರಾತ್ರಿ ಹಿರಿಯರಿಗೆ ಕ್ಷಮೆ ಕೇಳಿ, ‘ಕುಸುರಿ ಕೆತ್ತನೆ ತುಂಬಿದ ಮಂಟಪ’ ಎಂದು ತಿದ್ದಿ ಓದಿ ಹೇಳಿದೆ. ಅವರಿಗೆ ಸಮಾಧಾನವಾಯಿತು. ದೀಪಗಳ ವಿಷಯಕ್ಕೆ ಬಂದಾಗ ಹಿಂಜರಿಯುತ್ತಲೇ ‘ಕಣ್ಣು ಕುಕ್ಕುವ’ ಎಂದು ಬರೆದಿರುವುದನ್ನು ತಿಳಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಅದು ಹಾಗೆಯೇ ಇರಲಿ ಮಾಸ್ಟ್ರೇ, ದೀಪದ ಕಂಟ್ರಾಕ್ಟು ಕೊಟ್ಟದ್ದು ಹಳೆಯ ಕಮಿಟಿ” ಎಂದರು. ಪಕ್ಕದ ಬೀದಿಯ ಮಂಡಳಿಯವರೂ ಸಂಚಿಕೆಗೆ ಅರ್ಧ ಪುಟದ ಜಾಹೀರಾತು ಕೊಟ್ಟಿದ್ದರಿಂದ, ಟಾಡ್ರಿ ಎಂಬುದಕ್ಕೆ ಕನ್ನಡ ಹುಡುಕುವ ಅಗತ್ಯವೇ ಬೀಳಲಿಲ್ಲ.